ಹೆಸರು ಉಳಿದು ಮುಖ ಅಳಿಸಿಹೋದ ಕಾರ್ಡುಗಳು

ಸಂಘದ ಕಾರ್ಯದರ್ಶಿಯವರು ಮೊದಲ ಸಲ ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದ್ದು ಒಂದು ಅಪಘಾತವಾದ ಮರುವಾರ. ತೆಂಗಿನ ಉತ್ಪನ್ನಗಳ ಸಹಕಾರ ಸಂಘ ಅದು. ಕಚೇರಿ ಚಿತ್ರದುರ್ಗದಲ್ಲಿ; ಹಿರಿಯೂರು ಮತ್ತು ಹೊಳಲ್ಕೆರೆಯಲ್ಲಿ ನಾರು ತೆಗೆಯುವ ಘಟಕಗಳು; ಹೊಸದುರ್ಗದಲ್ಲಿ ಕೊಬ್ಬರಿ ಒಣಗಿಸಿ ಎಣ್ಣೆ ತೆಗೆಯುವ ಘಟಕ. ಹಿರಿಯೂರಿನಲ್ಲಿ ಒಬ್ಬನ ಕೈ ನಾರಿನ ಯಂತ್ರಕ್ಕೆ ಸಿಕ್ಕಿತ್ತು. ಹಾಜರಿಯಲ್ಲಿ ಕೂಗಿದ ಹೆಸರನ್ನೇ ಆಸ್ಪತ್ರೆಯಲ್ಲೂ ಬರೆಸಿದರು, ಆ ಹೆಸರಿನವನ ಮನೆಗೇ ಫೋನ್ ಮಾಡಿದರು. ಹೆಂಡತಿ ಅಳುತ್ತ ಓಡಿ ಬಂದು ನೋಡಿದರೆ ಮಂಚದ ಮೇಲೆ ಮಲಗಿದ್ದವನು ಬೇರೆ ಯಾರೋ. ಆಕೆಯ ಗಂಡ ಅವತ್ತು ಪಕ್ಕದ ಊರಿನ ಗಾರೆ ಕೆಲಸಕ್ಕೆ ಹೋಗಿ, ತನ್ನ ಬದಲಿಗೆ ಪರಿಚಯದವನೊಬ್ಬನನ್ನು ಕಳಿಸಿದ್ದ. ಆ ವಿಷಯ ಆಕೆಗೂ ಗೊತ್ತಿರಲಿಲ್ಲ. ಗಾಯಗೊಂಡವನ ಸ್ವಂತ ಮನೆಯವರಿಗೆ ಸುದ್ದಿ ಮುಟ್ಟಿದ್ದು ಮಾರನೆಯ ದಿನ. ಕೈ ಉಳಿಯಿತು. ಆದರೆ ಅಲ್ಲಿಯವರೆಗೂ ಆತ ಇನ್ನೊಬ್ಬನ ಹೆಸರಿನಲ್ಲಿ ಮಲಗಿದ್ದ.

"ಫೋಟೋ ಇರಬೇಕು ಮೇಡಂ, ರಕ್ತದ ಗುಂಪು ಇರಬೇಕು, ಮನೆಯವರ ಫೋನ್ ನಂಬರ್ ಇರಬೇಕು," ಅಂದರು ಕಾರ್ಯದರ್ಶಿ. "ಒಬ್ಬರದ್ದು ಇನ್ನೊಬ್ಬರು ಹಾಕ್ಕಂಡು ಬರಕ್ಕಾಗಬಾರ್ದು. ನೀರಾಗೆ ಬಿದ್ರೂ, ಎಣ್ಣೆ ಮೆತ್ತಿದ್ರೂ ಏನೂ ಆಗಬಾರ್ದು. ಅಂಥದ್ದು ಮಾಡ್ತೀರಾ?"

ಮಾಡುತ್ತೇನೆ ಅಂದೆ. ನಮ್ಮದು ಚಿತ್ರದುರ್ಗದ ಸಂತೆ ಹೊಂಡದ ಹತ್ತಿರ ಸಣ್ಣ ಅಂಗಡಿ. ಮುಂದಿನ ಮೇಜಿನಲ್ಲಿ ನನ್ನ ತಂದೆ, ಅಬ್ಬಾ, ಪುಸ್ತಕಗಳಿಗೆ ರಟ್ಟು ಕಟ್ಟುತ್ತಾರೆ. ಹಿಂದಿನ ಕೋಣೆಯಲ್ಲಿ ನಾನು ಗುರುತಿನ ಕಾರ್ಡು ಮುದ್ರಿಸುತ್ತೇನೆ. ಅದುವರೆಗೆ ನಾನು ಮಾಡಿದ್ದೆಲ್ಲ ಶಾಲೆಯ ಮಕ್ಕಳಿಗೆ ಮತ್ತು ಆಫೀಸಿನವರಿಗೆ. ಶಾಲೆಯ ಕಾರ್ಡು ಒಂದು ವರ್ಷ ಬಾಳಿದರೆ ಸಾಕು. ಆಫೀಸಿನವರು ಫ್ಯಾನಿನ ಕೆಳಗೆ ಕೂತು ಅದನ್ನು ಅಂಗಿಗೆ ಸಿಕ್ಕಿಸಿಕೊಂಡಿರುತ್ತಾರೆ. ಇದು ಹಾಗಲ್ಲ ಅಂತ ಗೊತ್ತಾಗಿ, ಕೆಲಸ ಶುರು ಮಾಡುವ ಮೊದಲು ಘಟಕಗಳನ್ನು ನೋಡಿಕೊಂಡು ಬರಲು ಹೊರಟೆ.

ಹಿರಿಯೂರಿನಲ್ಲಿ ಕಾಲಿಟ್ಟ ಕೂಡಲೇ ನಾರಿನ ದೂಳು ಮೂಗಿಗೆ ಅಡರಿತು. ಕೊರಳಿಗೆ ದಾರ ಹಾಕಿ ಕಾರ್ಡು ನೇತುಹಾಕುವುದು ನನ್ನ ಮನಸ್ಸಿನಲ್ಲಿದ್ದ ವಿನ್ಯಾಸ. ಆದರೆ ಅಲ್ಲಿ ಕೆಲಸಗಾರರು ತಿರುಗುವ ಯಂತ್ರದ ಬಾಯಿಗೆ ಬಗ್ಗಿ ತೆಂಗಿನ ಸಿಪ್ಪೆ ತುಂಬುತ್ತಿದ್ದರು. ಆ ದಾರವೇ ಒಬ್ಬರ ಪ್ರಾಣ ತೆಗೆಯಬಹುದು. ದಾರದ ಯೋಚನೆ ಅಲ್ಲೇ ಬಿಟ್ಟು, ತೋಳಿಗೆ ಅಥವಾ ಸೆರಗಿನ ಅಂಚಿಗೆ ಹಾಕುವ ಕ್ಲಿಪ್ಪು ಸಾಕು ಎಂದು ತೀರ್ಮಾನಿಸಿದೆ. ಹೊಳಲ್ಕೆರೆಯಲ್ಲಿ ನಾರನ್ನು ಬಯಲಿನಲ್ಲಿ ಹರಡುತ್ತಾರೆ. ಜನ ಹೊತ್ತು ಮುಳುಗುವ ತನಕ ಬಿಸಿಲಿನಲ್ಲಿಯೇ ಇರುತ್ತಾರೆ. ಹೊಸದುರ್ಗದಲ್ಲಿ ಇನ್ನೊಂದು ಬಗೆ. ಕೊಬ್ಬರಿ ಒಣಗಿಸುವ ಬಿಸಿ ಕೋಣೆ, ಪಕ್ಕದಲ್ಲೇ ಎಣ್ಣೆಯ ಯಂತ್ರ. ಹೆಚ್ಚಿನವರು ಹೆಂಗಸರು. ಶಾಖಕ್ಕೂ ದೂಳಿಗೂ ಮೂಗು ಬಾಯಿ ಮುಚ್ಚುವಂತೆ ಬಟ್ಟೆ ಕಟ್ಟಿಕೊಂಡು, ಕಣ್ಣು ಮಾತ್ರ ಕಾಣುವಂತೆ ಕೂತು ಕೊಬ್ಬರಿ ಆರಿಸುತ್ತಿದ್ದರು. ಇಂಥಲ್ಲಿ ಮುಖದ ಚಿತ್ರ ಇಟ್ಟುಕೊಂಡು ಯಾರನ್ನು ಗುರುತಿಸುವುದು ಅಂತ ನನಗೆ ಅಲ್ಲೇ ಒಂದು ಗೊಂದಲ ಶುರುವಾಯಿತು. ಗೇಟಿನಲ್ಲಿ ಬಟ್ಟೆ ಸರಿಸಿ ಮುಖ ತೋರಿಸಿ ಒಳಗೆ ಹೋಗುತ್ತಾರೆ ಎಂದು ಮೇಲ್ವಿಚಾರಕರು ಹೇಳಿದ ಮೇಲೆ ಸುಮ್ಮನಾದೆ.

ಫೋಟೋ ತೆಗೆಯುವ ಕೆಲಸವೂ ಸಲೀಸಾಗಿರಲಿಲ್ಲ. ಬಿಳಿ ಬಟ್ಟೆ ಕಟ್ಟಿ ಅದರ ಮುಂದೆ ಕೂರಿಸಿದರೆ ಮುಖಗಳು ಕಪ್ಪಗೆ ಬಂದವು. ನೀಲಿ ಬಟ್ಟೆ ತರಿಸಿದೆ. ಸಂಘದ ಕಂಪ್ಯೂಟರಿನಿಂದ ಬಂದ ಹೆಸರುಗಳು ಹಳೆಯ ಅಕ್ಷರಶೈಲಿಯಲ್ಲಿದ್ದವು. ನನ್ನ ಯಂತ್ರದಲ್ಲಿ ಒತ್ತಕ್ಷರಗಳು ಕಳಚಿಕೊಂಡು ಪಕ್ಕಕ್ಕೆ ಬಿದ್ದು, ತಿಪ್ಪಮ್ಮ ಎನ್ನುವ ಹೆಸರು ಓದಲು ಬಾರದ ಇನ್ನೇನೋ ಆಯಿತು. ಎಲ್ಲವನ್ನೂ ಮತ್ತೆ ಕೈಯಾರೆ ಟೈಪು ಮಾಡಿದೆ. ಬಹಳ ಜನಕ್ಕೆ ತಮ್ಮ ರಕ್ತದ ಗುಂಪು ಯಾವುದೆಂದೇ ಗೊತ್ತಿರಲಿಲ್ಲ. ಅದಕ್ಕೊಂದು ತಪಾಸಣೆ ನಡೆಸುವ ಹೊತ್ತಿಗೆ ಬೇಸಿಗೆ ಹತ್ತಿರ ಬಂತು.

ಕೊನೆಗೆ ಒಪ್ಪಿಗೆಯಾದ ಕಾರ್ಡು ಎಟಿಎಂ ಕಾರ್ಡಿನ ಅಳತೆಯದು. ಮುಂದೆ ದೊಡ್ಡದಾಗಿ ಮುಖ, ಕೆಳಗೆ ದಪ್ಪ ಕನ್ನಡದಲ್ಲಿ ಹೆಸರು, ಹಿಂದೆ ರಕ್ತದ ಗುಂಪು ಮತ್ತು ಮನೆಯ ನಂಬರು. ಹಿನ್ನೆಲೆಗೆ ಕೂದಲೆಳೆಯಂಥ ಅಲೆಗೆರೆಗಳನ್ನು ಹಾಕಿದೆ. ಜೆರಾಕ್ಸ್ ಮಾಡಿದರೆ ಅವು ಕಲಸಿಹೋಗಿ ನಕಲೆಂದು ಗೊತ್ತಾಗುತ್ತದೆ. ಮುದ್ರಣದ ರೀತಿಯನ್ನೂ ಇಲ್ಲಿ ಹೇಳಬೇಕು, ಯಾಕೆಂದರೆ ಮುಂದಿನ ಪೇಚಾಟವೆಲ್ಲ ಅದರಿಂದಲೇ. ನನ್ನ ಯಂತ್ರದಲ್ಲಿ ಬಣ್ಣಗಳು ಬಿಸಿಗೆ ಆವಿಯಾಗಿ ಪ್ಲಾಸ್ಟಿಕ್ಕಿನ ಒಳಗೆ ಇಳಿಯುತ್ತವೆ. ಕಪ್ಪು ಹಾಗಲ್ಲ, ಅದು ಮೇಣದ ಹಾಗೆ ಕರಗಿ ಮೇಲೆಯೇ ಅಂಟಿಕೊಳ್ಳುತ್ತದೆ. ಮುಖ ಬಣ್ಣದ್ದು, ಹೆಸರು ಕಪ್ಪಿನದು. ಎಲ್ಲದರ ಮೇಲೆ ಒಂದು ತೆಳು ಪಾರದರ್ಶಕ ಪದರ. ಪ್ರತಿ ಕಾರ್ಡಿಗೂ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಹೊದಿಕೆ ಕೊಟ್ಟೆ.

ಕಾರ್ಡು ಹಂಚಿ ಕೆಲವು ತಿಂಗಳು ಯಾರೂ ಏನೂ ಅನ್ನಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹೊಸದುರ್ಗದ ಮೇಲ್ವಿಚಾರಕರ ಫೋನ್ ಬಂತು.

"ಮೇಡಂ, ಇಲ್ಲಿ ಮುಖಗಳು ಹೋಗ್ತಾ ಅವೆ."

ನನಗೆ ಅರ್ಥವಾಗಲಿಲ್ಲ. "ಯಾರ ಮುಖ ಸರ್?"

"ಹೆಂಗಸ್ರದ್ದು. ಹೆಸರು ಹಂಗೇ ಐತೆ, ಮುಖ ಮಾತ್ರ ಇಲ್ಲ. ನೀವೇ ಬಂದು ನೋಡ್ರಿ."

ಹೊಳಲ್ಕೆರೆ ಮೇಲೆ ಹೋಗುವ ಬಸ್ಸು ಹಿಡಿದೆ. ದಾರಿಯುದ್ದಕ್ಕೂ, ಬಣ್ಣದ ರಿಬ್ಬನ್ನು ಹಳೆಯದಿತ್ತೇನೋ, ಯಂತ್ರದ ಬಿಸಿ ಕಡಿಮೆಯಾಗಿತ್ತೇನೋ ಎಂದು ಲೆಕ್ಕ ಹಾಕುತ್ತಿದ್ದೆ. ಮೇಲ್ವಿಚಾರಕರು ಕಾರ್ಡುಗಳನ್ನು ಹೊದಿಕೆಯಿಂದ ತೆಗೆದು, ಒಂದರ ಮೇಲೊಂದು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. ಹರಡಿ ನೋಡಿದೆ. ಕೆಲವು ಮುಖಗಳು ಹಳೆಯ ಮದುವೆ ಫೋಟೋದಂತೆ ಗುಲಾಬಿಯಾಗಿದ್ದವು. ಕೆಲವದರಲ್ಲಿ ಕಣ್ಣು, ಮೂಗು ಇದ್ದ ಕಡೆ ಮಸುಕು ನೆರಳು ಮಾತ್ರ. ಒಂದರಲ್ಲಂತೂ ಏನೂ ಇಲ್ಲ, ಬೆಳ್ಳಗೆ. ಎಲ್ಲದರಲ್ಲೂ ಹೆಸರು ನಿನ್ನೆ ಮುದ್ರಿಸಿದಂತೆ ಕಪ್ಪಗೆ ಕೂತಿತ್ತು.

"ಏನೋ ಹಚ್ಚಿ ಒರೆಸವ್ರೆ," ಅಂದರು ಮೇಲ್ವಿಚಾರಕರು. ಕೆಟ್ಟ ಮನುಷ್ಯರಲ್ಲ, ಆದರೆ ಹಿರಿಯೂರಿನ ಅಪಘಾತದ ನಂತರ ಬಹಳ ಹೆದರಿದ್ದರು. "ಮುಖ ಇಲ್ದಿದ್ರೆ ಯಾರ್ ಬೇಕಾದ್ರೂ ಆ ಕಾರ್ಡ್ ಹಾಕ್ಕಂಡು ಬರಬೋದಲ್ಲ? ಬದಲಿ ಆಳು ಕಳ್ಸಕ್ಕೆ ಮಾಡಿರೋ ಉಪಾಯ ಇದು. ಗೇಟಿನವ್ರನ್ನ ಸಂಘದೋರು ತಿಂಗಳಿಗೊಮ್ಮೆ ಬದಲಾಯಿಸ್ತಾರೆ, ಅವ್ರಿಗೆ ಯಾರ ಮುಖಾನೂ ಗೊತ್ತಿರಲ್ಲ. ಇವ್ರನ್ನೆಲ್ಲ ವಿಚಾರಣೆ ಆಗೋತಂಕ ಒಳಗೆ ಬಿಡಬ್ಯಾಡ ಅಂದಿದೀನಿ."

ಗೇಟಿನ ಆಚೆ, ಗೋಡೆಯ ನೆರಳಿನಲ್ಲಿ ಆ ಹೆಂಗಸರು ಕೂತಿದ್ದರು. ನಾನು ಹೊರಗೆ ಹೋಗುತ್ತಲೇ ಒಬ್ಬಾಕೆ ಎದ್ದು ನಿಂತಳು. ದನಿ ಏರಿತ್ತು.

"ಮೇಡಮ್ಮೋರೆ, ನೀವ್ ಮಾಡಿದ ಕಾರ್ಡು ಬಣ್ಣ ಬಿಟ್ರೆ ನಾವೇನ್ ಮಾಡಾನ? ನನ್ ಮುಖ ನಾನೇ ಅಳಿಸ್ಕಂತೀನಾ?"

ನನ್ನ ಕಾರ್ಡೇ ಕೆಟ್ಟದ್ದಾದರೆ ಹಿರಿಯೂರು, ಹೊಳಲ್ಕೆರೆಯಲ್ಲೂ ಕೆಡಬೇಕಲ್ಲ? ಅಲ್ಲಿಗೆ ಫೋನ್ ಮಾಡಿ ಕೇಳಿದೆ. ಅಲ್ಲಿ ಎಲ್ಲ ಮುಖಗಳೂ ಚೆನ್ನಾಗಿದ್ದವು. ಒಂದೇ ಯಂತ್ರ, ಒಂದೇ ರಿಬ್ಬನ್ನು, ಒಂದೇ ಪೆಟ್ಟಿಗೆಯ ಕಾರ್ಡುಗಳು. ಹಾಗಾದರೆ ಮೇಲ್ವಿಚಾರಕರು ಹೇಳಿದ್ದೇ ನಿಜವೇ? ಅಷ್ಟು ಜನ ಹೆಂಗಸರು ಮಾತಾಡಿಕೊಂಡು, ಹೆಸರಿಗೆ ಒಂದು ಗೀರೂ ಬೀಳದ ಹಾಗೆ ಮುಖವನ್ನಷ್ಟೇ ಅಳಿಸಿದರೇ? ಯಾವುದರಿಂದ?

ಕಾರ್ಡುಗಳನ್ನು ತೆಗೆದುಕೊಂಡು ಊರಿಗೆ ಬಂದೆ. ಹೊಸದಾಗಿ ಕೆಲವು ಕಾರ್ಡು ಮುದ್ರಿಸಿ, ಕೆಡಿಸಲು ನೋಡಿದೆ. ಒಂದನ್ನು ಕೊಬ್ಬರಿ ಎಣ್ಣೆಯ ಬಟ್ಟಲಿನಲ್ಲಿ ಮುಳುಗಿಸಿಟ್ಟೆ. ಒಂದನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದೆ. ಒಂದನ್ನು ಸೋಪಿನ ನೀರಿನಲ್ಲಿ ಬಟ್ಟೆಯ ಜೊತೆ ಒಗೆದೆ. ಒಂದನ್ನು ಅಡುಗೆ ಒಲೆಯ ಹತ್ತಿರ ಶಾಖಕ್ಕೆ ಇಟ್ಟೆ. ಎಣ್ಣೆಯದೂ ಸೋಪಿನದೂ ಒರೆಸಿದರೆ ಹೊಸದರಂತೆಯೇ ಇದ್ದವು. ಬಿಸಿಲಿನದು ಒಂದಿಷ್ಟು ಕಳೆಗುಂದಿತು, ಅಷ್ಟೆ. ಶಾಖಕ್ಕೆ ಕಾರ್ಡು ಸೊಟ್ಟಗಾಯಿತು, ಮುಖ ಹೋಗಲಿಲ್ಲ. ಬಣ್ಣ ಪ್ಲಾಸ್ಟಿಕ್ಕಿನ ಒಳಗಿದೆ. ಒಳಗಿರುವುದನ್ನು ಒರೆಸುವುದು ಹೇಗೆ?

ಅಬ್ಬಾ ಬಗ್ಗಿ ಬಗ್ಗಿ ನೋಡುತ್ತಿದ್ದರು. "ಏನು ಬೇಟಿ, ಮಾಡಿದ್ದನ್ನ ಕೆಡಸಾಕೂ ಬರ್ತಿಲ್ವಾ?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಗೋಡೆಯ ನೆರಳಿನಲ್ಲಿ ಕೂತಿದ್ದವರು ಕಣ್ಣ ಮುಂದೆ ಬರುತ್ತಿದ್ದರು.

ಭೂತಗನ್ನಡಿ ಇಟ್ಟು ನೋಡಿದಾಗ ಗೊಂದಲ ಇನ್ನೂ ಹೆಚ್ಚಾಯಿತು. ಗುಲಾಬಿಯಾದ ಕಾರ್ಡುಗಳ ಮೇಲ್ಮೈ ನುಣುಪಾಗಿಯೇ ಇತ್ತು, ಯಾರೂ ಮುಟ್ಟಿದ ಗುರುತಿಲ್ಲ. ಬೆಳ್ಳಗಾಗಿದ್ದ ಆ ಒಂದರಲ್ಲಿ ಮಾತ್ರ ಸುತ್ತು ಸುತ್ತಾಗಿ ಸಣ್ಣ ಗೀರುಗಳು. ಆ ಗೀರುಗಳನ್ನು ನೋಡಿದರೆ ಉಜ್ಜಿದ್ದಾರೆ ಅನ್ನಿಸುತ್ತಿತ್ತು. ಉಳಿದ ಕಾರ್ಡುಗಳನ್ನು ನೋಡಿದರೆ ಉಜ್ಜಿಲ್ಲ ಅನ್ನಿಸುತ್ತಿತ್ತು. ಎಲ್ಲಕ್ಕೂ ಒಂದೇ ಕಾರಣ ಇರಬೇಕೆಂದು ನಾನು ಹುಡುಕುತ್ತಿದ್ದೆ. ಯಾವ ಕಾರಣ ಹಿಡಿದರೂ ಯಾವುದೋ ಒಂದು ಕಾರ್ಡು ಅದರ ಕೈಗೆ ಸಿಗದೆ ಜಾರುತ್ತಿತ್ತು.

ಕಾರ್ಯದರ್ಶಿಯವರು ಹೊಸದುರ್ಗದಲ್ಲೇ ಸಭೆ ಇಟ್ಟರು. "ನೀವು ಬಂದು ಒಂದು ಮಾತು ಹೇಳಿ ಮೇಡಂ. ಅಳಿಸಿದ್ದಾರೋ, ತಾನಾಗೇ ಹೋಯ್ತೋ. ಅಳಿಸಿದ್ದರೆ ಕೆಲಸದಿಂದ ತೆಗಿಬೇಕಾಗ್ತದೆ." ಸಭೆಗೆ ಮುಂಚಿತವಾಗಿಯೇ ಬೆಳಿಗ್ಗೆ ಹೊಸದುರ್ಗಕ್ಕೆ ಹೋದೆ. ಹೇಳಲು ಏನೂ ಇಲ್ಲದಿದ್ದರೂ ಇನ್ನೊಮ್ಮೆ ನೋಡೋಣ ಎಂದು.

ಒಳಗೆ ಕೆಲಸ ಮಾಡುತ್ತಿದ್ದವರ ಕಾರ್ಡುಗಳನ್ನು ಆ ಸಲ ಅವರ ಸೆರಗಿನಲ್ಲೇ ನೋಡಿದೆ. ಅವು ನಾನು ಕೊಟ್ಟ ಗಟ್ಟಿ ಹೊದಿಕೆಗಳಲ್ಲಿ ಇರಲಿಲ್ಲ. ಮೆತ್ತನೆಯ, ಮಡಚಿದರೆ ಮಡಚಿಕೊಳ್ಳುವ ಕವರುಗಳಲ್ಲಿದ್ದವು. ಮೇಲ್ವಿಚಾರಕರನ್ನು ಕೇಳಿದೆ.

"ಗಟ್ಟಿ ಕವರು ಬಿಸಿಗೆ ಸೀಳು ಬಿಟ್ವು ಮೇಡಂ. ಸೀಳು ಕೈಗೆ ಗೀರ್ತೈತೆ ಅಂದ್ರು ಹೆಂಗಸ್ರು. ಪಾಪ ಅಂತ ಪೇಟೆಯಾಗೆ ಮೆತ್ತನೆ ಕವರ್ ತಂದುಕೊಟ್ಟೆ. ಒಬ್ಬಾಕೆ ಮಾತ್ರ ಬ್ಯಾಡ ಅಂದ್ಲು."

ಹೊರಗೆ ಕೂರಿಸಿದ್ದ ಹೆಂಗಸರೂ ಸಭೆಗೆಂದು ಬಂದಿದ್ದರು. ಹಿಂದಿನ ಸಲ ಗೇಟಿನ ಹತ್ತಿರ ನನ್ನ ಮೇಲೆ ರೇಗಿದ್ದ ಹೆಂಗಸಿನ ಹತ್ತಿರ ಖಾಲಿ ಕವರು ಇನ್ನೂ ಇತ್ತು. ಕಾರ್ಡು ಕಸಿದುಕೊಂಡಿದ್ದರು, ಕವರು ಬಿಟ್ಟಿದ್ದರು. ಅದನ್ನು ಇಸಿದುಕೊಂಡು ತಿರುಗಿಸಿ ನೋಡಿದೆ. ಪಾರದರ್ಶಕ, ಒಂದಿಷ್ಟು ಎಣ್ಣೆಜಿಡ್ಡು. ಏನೂ ಹೊಳೆಯದೆ, ಅಳತೆ ಸರಿಯಿದೆಯೋ ನೋಡೋಣವೆಂದು ಚೀಲದಲ್ಲಿದ್ದ ಒಂದು ಖಾಲಿ ಬಿಳಿ ಕಾರ್ಡನ್ನು ಅದರೊಳಗೆ ತೂರಿಸಿದೆ.

ಆಕೆ ನನಗಿಂತ ಮೊದಲು ಕಂಡಳು. "ಅಯ್ಯೋ ಶಿವನೇ! ನನ್ ಮುಖ ಬಂತಲ್ರೀ!"

ಏನೂ ಮುದ್ರಿಸದ ಬಿಳಿ ಕಾರ್ಡಿನ ಮೇಲೆ ಮಸುಕಾಗಿ ಆಕೆಯ ಮುಖ. ಹಣೆಯ ಕುಂಕುಮ, ಮೂಗುಬೊಟ್ಟು, ನಾನು ಕಟ್ಟಿದ್ದ ನೀಲಿ ಬಟ್ಟೆಯ ಬಣ್ಣ ಕೂಡ. ಕಾರ್ಡನ್ನು ಹೊರಗೆ ಎಳೆದರೆ ಬಿಳಿ. ಒಳಗೆ ಹಾಕಿದರೆ ಮುಖ. ಮುಖ ಕವರಿನಲ್ಲಿತ್ತು. ಮೆತ್ತನೆಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲು ಬೆರೆಸುವ ಎಣ್ಣೆಯಂಥ ವಸ್ತು ಕಾರ್ಡಿನ ಬಣ್ಣವನ್ನು ಮೆಲ್ಲಗೆ ತನ್ನೊಳಗೆ ಎಳೆದುಕೊಂಡಿತ್ತು, ಒಣಗಿಸುವ ಕೋಣೆಯ ಶಾಖ ಅದನ್ನು ಬೇಗ ಮಾಡಿತ್ತು. ಆ ಕೋಣೆಯಿಂದ ದೂರ ಕೂರುವವರ ಮುಖಗಳು ಇನ್ನೂ ಉಳಿದಿದ್ದವು. ಕಪ್ಪು ಮೇಲಿನ ಮೇಣ. ಅದು ಎಲ್ಲಿಗೂ ಹೋಗಲಿಲ್ಲ. ಹೆಂಗಸರೆಲ್ಲ ತಮ್ಮ ತಮ್ಮ ಕವರು ತಂದು, ಆ ಬಿಳಿ ಕಾರ್ಡನ್ನು ಒಬ್ಬರಿಂದ ಒಬ್ಬರು ಕಿತ್ತುಕೊಂಡು, ಒಳಗೆ ಹಾಕಿ ನೋಡಿ ನಗತೊಡಗಿದರು. ಎಷ್ಟೋ ದಿನಗಳ ನಂತರ ನನಗೂ ಉಸಿರು ಬಿಟ್ಟಂತಾಯಿತು.

ಹಾಗೆ ಅನ್ನಿಸಿದ್ದು ಸ್ವಲ್ಪ ಹೊತ್ತು ಮಾತ್ರ. ಒಬ್ಬಾಕೆ ಆ ಗುಂಪಿಗೆ ಬರದೆ ನೀರಿನ ತೊಟ್ಟಿಯ ಹತ್ತಿರ ನಿಂತಿದ್ದಳು. ಎಲ್ಲರಿಗಿಂತ ಹಿರಿಯಳು. ಮೆತ್ತನೆ ಕವರು ಬೇಡ ಎಂದವಳು ಅವಳೇ, ಆ ಬೆಳ್ಳನೆಯ, ಗೀರು ಬಿದ್ದ ಕಾರ್ಡೂ ಅವಳದೇ.

ಹತ್ತಿರ ಹೋದೆ. "ಅವ್ವಾ, ನಿಮ್ಮ ಕಾರ್ಡಿನ ಬಣ್ಣ ತಾನಾಗಿ ಹೋಗಿಲ್ಲ," ಅಂದೆ.

ಆಕೆ ನನ್ನ ಮುಖವನ್ನು ಒಂದು ಬದಿಯಿಂದ, ಕೋಳಿ ನೋಡುವ ಹಾಗೆ, ಕತ್ತು ಓರೆ ಮಾಡಿ ನೋಡಿದಳು. ಆಮೇಲೆ ಗೊತ್ತಾಯಿತು, ಎದುರಿಗೆ ನೋಡಿದರೆ ಆಕೆಗೆ ಕಾಣುತ್ತಿರಲಿಲ್ಲ.

"ರಂಗೋಲಿ ಪುಡಿ ಹಾಕಿ ನಾರಿನಾಗೆ ತಿಕ್ದೆ ಕಣವ್ವ, ಪಾತ್ರೆ ತಿಕ್ಕಿದಂಗೆ. ಹೆಸರಿನ ಮ್ಯಾಲೆ ಬೆರಳು ಮುಚ್ಕಂಡು ತಿಕ್ದೆ. ಎಲ್ಲಾರ್ದೂ ಹೋಗ್ತಿತ್ತಲ್ಲ, ನಂದೂ ಹೋದ್ರೆ ಯಾರ್ ಕೇಳ್ತಾರೆ ಅನ್ಕಂಡೆ."

"ಯಾಕವ್ವಾ?"

"ಕಣ್ಣಿಗೆ ಪೊರೆ ಬಂದೈತೆ. ಬೂಸ್ಟು ಹಿಡಿದ ಕೊಬ್ಬರಿ ಯಾವ್ದು, ಒಳ್ಳೇದು ಯಾವ್ದು ಕಾಣಾಕಿಲ್ಲ. ಕೆಟ್ಟದ್ದು ಒಂದು ಹೋದ್ರೆ ಎಣ್ಣೆಯೆಲ್ಲ ಕಮಟು. ಕಣ್ಣಿಗೆ ಜಾಸ್ತಿ ಮಂಜು ಕವಿದ ದಿನ ಸೊಸೇನ ಕಳುಸ್ತೀನಿ. ಗೇಟಿನಾಗೆ ನನ್ ಹೆಸರು ಹೇಳ್ತಾಳೆ, ಬಾಯಿಗೆ ಬಟ್ಟೆ ಕಟ್ಕಂಡು ಕುಂತ್ಕಂತಾಳೆ. ಆಪರೇಷನ್ ಮಾಡಿಸ್ಕ ಅಂದವ್ರೆ ಡಾಕ್ಟ್ರು. ಮಾಡಿಸ್ಕಂಡು ಮನ್ಯಾಗೆ ಕುಂತ್ರೆ ಈ ಜಾಗ ಇರ್ತದಾ?" ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೀನು ಹೇಳ್ತೀಯೇನವ್ವ?"

ಬರುತ್ತೇನೆ ಇರವ್ವಾ ಎಂದು ತೊಟ್ಟಿಯ ಹತ್ತಿರದಿಂದ ಸರಿದೆ. ಕಾರ್ಯದರ್ಶಿ ಇನ್ನೂ ಬಂದಿರಲಿಲ್ಲ, ತೆಂಗಿನ ರಾಶಿಯ ಪಕ್ಕ ಕೂತೆ. ಎಲ್ಲ ಮುಖಗಳನ್ನೂ ಕವರೇ ನುಂಗಿತು ಎಂದುಬಿಟ್ಟರೆ ಯಾರೂ ಮತ್ತೆ ಕೇಳುವುದಿಲ್ಲ. ಭೂತಗನ್ನಡಿ ಇದ್ದದ್ದು ನನ್ನ ಒಬ್ಬಳ ಹತ್ತಿರ. ಆದರೆ ಸೊಸೆ ಎಣ್ಣೆಯ ಯಂತ್ರದ ಪಕ್ಕ ಕೂರುತ್ತಾಳೆ. ಅವಳಿಗೆ ಏನಾದರೂ ಆದರೆ ಆಸ್ಪತ್ರೆಯವರು ಅತ್ತೆಯ ರಕ್ತದ ಗುಂಪು ಓದುತ್ತಾರೆ. ಅದನ್ನು ಮುದ್ರಿಸಿದವಳು ನಾನು. ಹಿರಿಯೂರಿನಲ್ಲಿ ನಡೆದದ್ದು ಇನ್ನೊಮ್ಮೆ ನಡೆಯದಿರಲಿ ಎಂದೇ ಈ ಕೆಲಸ ನನ್ನ ಕೈಗೆ ಬಂದಿತ್ತು. ಹಾಗೆಂದು ನಿಜವನ್ನು ಹೇಳಿಬಿಟ್ಟರೆ, ಕಣ್ಣು ಕಾಣದ ಹೆಂಗಸಿನ ಅನ್ನ ಕಿತ್ತುಕೊಂಡ ಹಾಗೆ. ಕಾರ್ಡು ಗಟ್ಟಿ ಮಾಡುವುದು ಹೇಗೆಂದು ಇಷ್ಟು ದಿನ ತಲೆ ಕೆಡಿಸಿಕೊಂಡಿದ್ದೆ. ಅದು ಯಾರಿಗಾಗಿ ಗಟ್ಟಿಯಾಗಬೇಕು ಎನ್ನುವುದು ನನಗೆ ಸ್ಪಷ್ಟವಿರಲಿಲ್ಲ.

ಎದ್ದು ಹೋಗಿ ಆಕೆಗೆ ಹೇಳಿದೆ. "ನಾನು ಸುಳ್ಳು ಹೇಳಲ್ಲ ಅವ್ವಾ. ಆದರೆ ನಿಮ್ಮ ಹೆಸರು ನನ್ನ ಬಾಯಿಂದ ಬರಲ್ಲ. ಇಷ್ಟೇ ನನ್ನ ಕೈಲಾಗೋದು."

ಆಕೆ ತೊಟ್ಟಿಯ ಅಂಚು ಹಿಡಿದು ಕೂತಳು.

ಸಭೆ ಎಂದರೆ ಮೇಲ್ವಿಚಾರಕರ ಕೋಣೆಯಲ್ಲಿ ನಾವು ಮೂವರು. ಬಾಗಿಲಲ್ಲಿ, ಕಿಟಕಿಯಲ್ಲಿ ಹೆಂಗಸರು. ಬಿಳಿ ಕಾರ್ಡನ್ನು ಕವರಿಗೆ ಹಾಕಿ ತೋರಿಸಿದೆ. ಕಾರ್ಯದರ್ಶಿಯವರು ತಾವೇ ಎರಡು ಸಲ ಹಾಕಿ ತೆಗೆದು ನೋಡಿದರು. ಮೇಲ್ವಿಚಾರಕರ ಮುಖ ಸಣ್ಣದಾಯಿತು. "ನಾನು ಒಳ್ಳೇದಕ್ಕೇ ತಂದುಕೊಟ್ಟಿದ್ದು ಸರ್," ಅಂದರು. "ಹೌದು, ನೀವು ಒಳ್ಳೇದಕ್ಕೇ ಮಾಡಿದ್ದು," ಎಂದೆ. ಅದು ನಿಜವೂ ಆಗಿತ್ತು.

"ಹಂಗಾದ್ರೆ ಯಾರೂ ಅಳಿಸಿಲ್ಲ," ಎಂದು ಕಾರ್ಯದರ್ಶಿ ಎದ್ದರು.

"ಒಂದನ್ನು ಬಿಟ್ಟು," ಅಂದೆ.

ಕಾರ್ಯದರ್ಶಿ ಮತ್ತೆ ಕೂತರು.

"ಒಂದು ಕಾರ್ಡನ್ನು ಉಜ್ಜಿದ್ದಾರೆ ಸರ್. ಯಾರದ್ದು ಅಂತ ಕೇಳುವ ಮೊದಲು ಒಂದು ಮಾತು. ಬದಲಿಗೆ ಬರುವವರು ಯಾವಾಗಲೂ ಬರ್ತಾರೆ. ಜ್ವರ ಬರುತ್ತೆ, ಮನೆಯಲ್ಲಿ ಹೆರಿಗೆ ಆಗುತ್ತೆ, ಜಾಗ ಹೋಗುತ್ತೆ ಅನ್ನೋ ಭಯಕ್ಕೆ ಯಾರನ್ನೋ ಕಳಿಸ್ತಾರೆ. ನಾನು ಎಷ್ಟು ಗಟ್ಟಿ ಕಾರ್ಡು ಮಾಡಿದ್ರೂ ಅದನ್ನ ತಡಿಯಕ್ಕಾಗಲ್ಲ. ಬದಲಿಯವರಿಗೂ ಒಂದು ಕಾರ್ಡು ಕೊಡೋಣ. ಅವರದ್ದೇ ಮುಖ, ಅವರದ್ದೇ ಹೆಸರು, ಅವರದ್ದೇ ರಕ್ತದ ಗುಂಪು. ಕೆಳಗೆ ಯಾರ ಬದಲಿ ಅಂತ."

"ಅದು ಮಾಡಿದ್ರೆ ಬದಲಿ ಕಳ್ಸೋದನ್ನ ನಾವೇ ಒಪ್ಪಿಕೊಂಡಂಗೆ ಆಗಲ್ವಾ?" ಎಂದರು ಕಾರ್ಯದರ್ಶಿ.

"ಈಗಲೂ ಇದೆ ಸರ್. ಹೆಸರಿಲ್ಲದೆ ಇದೆ, ಅಷ್ಟೆ."

ಮೇಲ್ವಿಚಾರಕರು ತಲೆಯಾಡಿಸಿದರು. "ನಾಳೆ ಎಲ್ಲಾರೂ ಬದಲಿ ಕಳುಸ್ತಾರೆ. ಕೆಲ್ಸ ಬರ್ದೋರು ಯಂತ್ರದ ಹತ್ರ ಬಂದು ನಿಂತ್ರೆ ನಾನೇನ್ ಮಾಡ್ಲಿ?" ಆ ಮಾತೂ ಸರಿಯಾಗಿಯೇ ಇತ್ತು.

ಬಾಗಿಲಿನ ಹೆಂಗಸರು ದಾರಿ ಬಿಟ್ಟರು. ಹಿರಿಯಾಕೆ ಚೌಕಟ್ಟನ್ನು ಹಿಡಿದು ಒಳಗೆ ಬಂದಳು.

"ಅದು ನಂದು, ಸಾಮಿ. ತಿಕ್ಕಿದ್ದು ನಾನೇ." ಕಣ್ಣಿನ ವಿಷಯ, ಸೊಸೆಯ ವಿಷಯ, ಎಲ್ಲ ಹೇಳಿದಳು. ನನಗೆ ಹೇಳದಿದ್ದ ಒಂದು ಮಾತನ್ನೂ ಮೇಲ್ವಿಚಾರಕರ ಕಡೆ ತಿರುಗಿ ಹೇಳಿದಳು. "ನನ್ ಸೊಸೆ ನನಗಿಂತ ಚೆಂದಾಗಿ ಆರುಸ್ತಾಳೆ. ಹೋದ ತಿಂಗ್ಳು ಕೊಬ್ಬರಿ ಚೆಂದಾಗಿ ಆರ್ಸಿದೀಯ ಅಂತ ನೀವೇ ನನ್ನ ಹೊಗಳಿದ್ರಲ್ಲ ಸಾಮಿ? ಆರ್ಸಿದ್ದು ಅವ್ಳು."

ಮೇಲ್ವಿಚಾರಕರು ಮೊದಲು ಸಿಟ್ಟಾದರು, ಆಮೇಲೆ ತಲೆ ಕೆರೆದುಕೊಂಡರು. ಕಾರ್ಯದರ್ಶಿ ಕಿಟಕಿಯ ಕಡೆ ನೋಡುತ್ತ ಕೂತರು. ಕಡೆಗೆ, ಹೊರಗೆ ಕೂರಿಸಿದ್ದ ಹೆಂಗಸರೆಲ್ಲ ಮರುದಿನದಿಂದಲೇ ಒಳಗೆ ಬರಲಿ ಎಂದರು. ಹಿರಿಯಾಕೆಯ ವಿಷಯ ಮತ್ತು ಬದಲಿ ಕಾರ್ಡಿನ ವಿಷಯವನ್ನು ಆಡಳಿತ ಮಂಡಳಿಯ ಮುಂದೆ ಇಡುತ್ತೇನೆ ಎಂದರು. ಆವರೆಗೆ ಆಕೆ ಮನೆಯಲ್ಲಿರಬೇಕು.

ಅದಾದ ಮೇಲೆ ನಾನು ಕಾರ್ಡನ್ನು ಮೊದಲಿನಿಂದ ಮಾಡಿದೆ. ಮುದ್ರಣದ ಮೇಲೆ ತೆಳು ಪದರದ ಬದಲು ದಪ್ಪ ಪಾರದರ್ಶಕ ಹಾಳೆಯನ್ನು ಬಿಸಿಯಲ್ಲಿ ಅಂಟಿಸಿದೆ. ಬಣ್ಣ ಅದನ್ನು ದಾಟಿ ಹೊರಗೆ ಹೋಗುವಂತಿಲ್ಲ. ಬಣ್ಣದ ಮುಖದ ಜೊತೆಗೆ ಮೂಲೆಯಲ್ಲಿ ಕಪ್ಪಿನಲ್ಲಿಯೇ ಇನ್ನೊಂದು ಸಣ್ಣ ಮುಖ ಮುದ್ರಿಸಿದೆ. ದೊಡ್ಡದು ಮಾಸಿದರೂ ಚಿಕ್ಕದು ಉಳಿಯಲಿ ಎಂದು. ಶಾಖಕ್ಕೆ ಸೀಳದ, ಅಂಚು ದುಂಡಗಿರುವ ಹೊದಿಕೆ ಹುಡುಕಿದೆ. ಮೊದಲ ಮಾದರಿ ತಯಾರಾದಾಗ ಹಿಂದಿನ ಅಂಗಳದಲ್ಲಿ ಕೂತು ರಂಗೋಲಿ ಪುಡಿ ಹಾಕಿ ನಾರಿನಿಂದ ತೋಳು ನೋಯುವ ತನಕ ತಿಕ್ಕಿದೆ. ಮೇಲಿನ ಹಾಳೆ ಮಂಕಾಯಿತು, ಮುಖ ಹೋಗಲಿಲ್ಲ. ಅಷ್ಟಾದರೂ ನನಗೆ ಸಮಾಧಾನವಾಗಲಿಲ್ಲ. ಆಕೆಯ ಕೈಯನ್ನು ಸೋಲಿಸಲೆಂದು ತಿಕ್ಕುತ್ತಿದ್ದೇನೋ, ಆಕೆ ಮತ್ತೆ ತಿಕ್ಕುವ ಪ್ರಸಂಗ ಬರದಿರಲಿ ಎಂದು ತಿಕ್ಕುತ್ತಿದ್ದೇನೋ, ತಿಳಿಯಲಿಲ್ಲ.

ಆಡಳಿತ ಮಂಡಳಿಯಲ್ಲಿ ಬಹಳ ವಾದವಾಯಿತಂತೆ. ನಾನು ಅಲ್ಲಿರಲಿಲ್ಲ. ಕೊನೆಗೆ ಹೊಸದುರ್ಗದ ಘಟಕಕ್ಕೆ ಮಾತ್ರ, ನೋಡೋಣ ಎನ್ನುವ ಮಟ್ಟಿಗೆ ಒಪ್ಪಿದರು. ಒಬ್ಬರಿಗೆ ಒಬ್ಬರೇ ಬದಲಿ. ಮೇಲ್ವಿಚಾರಕರು ಮೊದಲು ಕೆಲಸ ಕಲಿಸಿ ಒಪ್ಪಬೇಕು. ಹಿರಿಯಾಕೆಗೆ ಎಚ್ಚರಿಕೆ ಕೊಟ್ಟು, ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಬರುವ ತನಕ ಜಾಗ ಉಳಿಸುತ್ತೇವೆ ಎಂದರು. ಇದು ಒಳ್ಳೆಯ ಏರ್ಪಾಡೋ ಅಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಹಿರಿಯೂರಿನವರು ನಮಗೇಕಿಲ್ಲ ಎಂದು ಕೇಳುತ್ತಿದ್ದಾರೆ. ಕಾರ್ಡು ಮಾಡಿಸಲು ಬಂದಿದ್ದ ಇನ್ನೊಂದು ಸಂಸ್ಥೆಯವರು, ಕೆಲಸವೊಂದು, ಕಾರ್ಡು ಎರಡು ಎಂದರೆ ಭದ್ರತೆ ಏನು ಬಂತು ಎಂದು ನನ್ನನ್ನೇ ಆಡಿಕೊಂಡರು.

ಬದಲಿ ಕಾರ್ಡಿನ ಫೋಟೋ ತೆಗೆಯಲು ಮತ್ತೆ ಹೊಸದುರ್ಗಕ್ಕೆ ಹೋಗಿ, ನೀಲಿ ಬಟ್ಟೆ ಕಟ್ಟಿ, ಮುಂದೆ ಕುರ್ಚಿ ಹಾಕಿದೆ. ಮೊದಲು ಬಂದದ್ದು ಹಿರಿಯಾಕೆಯ ಸೊಸೆ. ತೆಳ್ಳಗಿನ ಹುಡುಗಿ, ಹೊಸ ಸೀರೆ ಉಟ್ಟು ಬಂದಿದ್ದಳು. ಅತ್ತೆ ಪಕ್ಕದಲ್ಲಿ ನಿಂತು, ಕತ್ತು ಓರೆ ಮಾಡಿ, ಅವಳ ಸೆರಗನ್ನು ಮುಟ್ಟಿ ಮುಟ್ಟಿ ಸರಿ ಮಾಡುತ್ತಿದ್ದಳು. "ನೆಟ್ಟಗೆ ಕುಂತ್ಕಳೇ, ತಲೆ ಎತ್ತು."

ಲ್ಯಾಪ್‌ಟಾಪ್ ತೆರೆದು ಕೇಳಿದೆ. "ಹೆಸರೇನಮ್ಮ?"

ಹುಡುಗಿ ತಡಮಾಡದೆ, ಗೇಟಿನಲ್ಲಿ ಹೇಳುವಂತೆ ಗಟ್ಟಿಯಾಗಿ ಹೇಳಿದಳು. ಅದು ಅವಳ ಅತ್ತೆಯ ಹೆಸರು.

ಹೇಳಿದ ಮೇಲೆ ಅವಳಿಗೆ ಗೊತ್ತಾಯಿತು. ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅತ್ತೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಯಾರೂ ಬೈಯಲಿಲ್ಲ. "ನಿಂದು ಹೇಳೇ," ಅಂದಳು ಅತ್ತೆ ಮೆಲ್ಲಗೆ.

ಹುಡುಗಿ ಕೈ ತೆಗೆದು ತನ್ನ ಹೆಸರು ಹೇಳಿದಳು. ದನಿ ಅಷ್ಟು ಸಣ್ಣದಾಗಿತ್ತೆಂದರೆ ನನಗೆ ಕೇಳಿಸಲೇ ಇಲ್ಲ. ಇನ್ನೊಮ್ಮೆ ಹೇಳಮ್ಮ ಎಂದೆ. ಎರಡನೇ ಸಲ ಕೇಳಿಸಿತು. ಒತ್ತಕ್ಷರ ಸರಿಯಾಗಿ ಬಂದಿದೆಯೇ ಎಂದು ನೋಡಿಕೊಂಡು ಟೈಪು ಮಾಡಿದೆ, ಆಮೇಲೆ ಕ್ಯಾಮೆರಾ ಎತ್ತಿಕೊಂಡೆ.